ಮೋಲ್ಟನ್ ಬಿಜಿ4500: ಸಿಮೆಂಟ್ ಅಂಗಳದಲ್ಲಿ ಪಳಗಿದ ಕೈಗೆ ಎರಡನೆಯ ಚೆಂಡು

ಮೋಲ್ಟನ್ ಬಿಜಿ4500 ಒಳಾಂಗಣಕ್ಕೆಂದೇ ಮಾಡಿದ ಚೆಂಡು. ಮುಂಬಯಿಯಲ್ಲಿ ಬಾಸ್ಕೆಟ್‌ಬಾಲ್ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ಆಡುವುದು ಬಿಸಿಲು, ಧೂಳು, ಮಳೆ ಮೂರಕ್ಕೂ ತೆರೆದಿರುವ ಸಿಮೆಂಟ್ ಅಂಗಳದಲ್ಲಿ. ಹಾಗಿದ್ದ ಮೇಲೆ ಒಳ್ಳೆಯ ರಬ್ಬರ್ ಚೆಂಡಿನ ಹಲವು ಪಟ್ಟು ದುಡ್ಡು ಕೊಟ್ಟು ಇದನ್ನು ಕೊಳ್ಳಬೇಕೇ? ಮಾಟುಂಗಾ, ಚೆಂಬೂರು, ಠಾಣೆ, ಡೊಂಬಿವಿಲಿಯ ಕನ್ನಡದ ಮನೆಗಳಲ್ಲಿ ಮಗನನ್ನೋ ಮಗಳನ್ನೋ ಆಟಕ್ಕೆ ಹಾಕಿದ ತಂದೆತಾಯಿ ಮೊದಲು ಕೇಳುವುದು ಇದನ್ನೇ. ಆಟವನ್ನೇ ಮುಂದೆ ಅನ್ನದ ದಾರಿ ಮಾಡಿಕೊಳ್ಳುವ ಆಸೆಯಿದ್ದರೆ ಕೊಳ್ಳಬೇಕು. ಆದರೆ ಇದ್ದೊಂದು ಚೆಂಡಾಗಿ ಅಲ್ಲ, ಎರಡನೆಯ ಚೆಂಡಾಗಿ. ಭಾನುವಾರ ಸಂಜೆ ಗೆಳೆಯರ ಜೊತೆ ಬೆವರು ಹರಿಸುವುದಷ್ಟೇ ಉದ್ದೇಶವಾದರೆ ಇದರ ಹತ್ತಿರವೂ ಸುಳಿಯಬೇಡಿ, ದುಡ್ಡು ದಂಡ.

ಹೀಗೆ ಹೇಳುವುದಕ್ಕೆ ಕಾರಣ ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನ ಬದುಕು ಸಾಗುವ ರೀತಿ. ಕ್ರಿಕೆಟ್ಟಿನಲ್ಲಿರುವಂಥ ಲೀಗ್ ಹಣ ಇಲ್ಲಿಲ್ಲ. ಇಂಡಿಯನ್ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗ್ ಶುರುವಾದದ್ದು 2022ರಲ್ಲಿ. ಅದಕ್ಕೂ ಮೊದಲು ಎಷ್ಟೋ ತಲೆಮಾರುಗಳ ಆಟಗಾರರಿಗೆ, ಇವತ್ತಿಗೂ ಬಹುಪಾಲು ಆಟಗಾರರಿಗೆ, ಸಂಬಳ ಬರುವುದು ಕ್ರೀಡಾ ಕೋಟಾದ ನೌಕರಿಯಿಂದ: ರೈಲ್ವೆ, ಸೇನೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆ, ಒಎನ್‌ಜಿಸಿ. ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎರಡರ ಕೇಂದ್ರ ಕಚೇರಿಯೂ ಮುಂಬಯಿಯಲ್ಲೇ ಇರುವುದರಿಂದ ಇಲ್ಲಿಯ ಹುಡುಗರ ಕಣ್ಣು ಸಹಜವಾಗಿ ಅತ್ತ ಇರುತ್ತದೆ. ಆ ನೌಕರಿಯ ಬಾಗಿಲು ಟ್ರಯಲ್ಸ್, ಎಂದರೆ ಆಡಿಸಿ ನೋಡಿ ಆರಿಸುವ ಪರೀಕ್ಷೆ. ಅಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಕೈಗೆ ಕೊಡುವ ಚೆಂಡು ನಿಮ್ಮದಲ್ಲ. ರಬ್ಬರಿನದಂತೂ ಸಾಮಾನ್ಯವಾಗಿ ಅಲ್ಲ. ಹತ್ತು ವರ್ಷ ರಬ್ಬರ್ ಚೆಂಡಿನಲ್ಲಿ ಪಳಗಿದ ಕೈ ಕಾಂಪೊಸಿಟ್ (ಕೃತಕ ಚರ್ಮದ) ಚೆಂಡು ಹಿಡಿದ ಮೊದಲ ಹತ್ತು ನಿಮಿಷ ಚೆಂಡನ್ನೇ ಹುಡುಕುತ್ತಿರುತ್ತದೆ. ಪಾಸ್ ಬೆರಳಿಗೆ ತಾಗಿ ಜಾರುತ್ತದೆ, ಫ್ರೀ ಥ್ರೋ (ಯಾರೂ ಅಡ್ಡ ಬಾರದ ಎಸೆತ) ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ, ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಪುಟಿದು ಮರಳುವ ಚೆಂಡಿಗೆ) ಒಂದು ಹೆಜ್ಜೆ ಹಿಂದೆ ನಿಂತು ಕಾಯುವಂತಾಗುತ್ತದೆ. ಆಯ್ಕೆಗಾರರ ಪಟ್ಟಿಯಲ್ಲಿ ಇದೆಲ್ಲ ಆಟಗಾರನ ಕೊರತೆಯೆಂದೇ ದಾಖಲಾಗುತ್ತದೆ. ಚೆಂಡಿನ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ.

ಆಡಿ ಬಿಟ್ಟವರು ತಮ್ಮ ಆಟದ ದಿನಗಳನ್ನು ನೆನೆಸಿಕೊಂಡಾಗ ಮೊಣಕಾಲಿನ ನೋವಿನ ಮಾತು ಎಷ್ಟು ಬರುತ್ತದೆಯೋ ಕೈಯ ಮಾತೂ ಅಷ್ಟೇ ಬರುತ್ತದೆ. ಮೂವತ್ತು ದಾಟಿದ ಮೇಲೆ ನೆಗೆತ ಕುಗ್ಗುತ್ತದೆ, ಮೊದಲ ಹೆಜ್ಜೆ ನಿಧಾನವಾಗುತ್ತದೆ. ಆಮೇಲೂ ನಾಲ್ಕಾರು ವರ್ಷ ತಂಡದಲ್ಲಿ ಉಳಿಸುವುದು ಶೂಟಿಂಗ್ ಮತ್ತು ಪಾಸ್. ಇಲಾಖೆಯ ತಂಡಗಳಲ್ಲಿ ಮಧ್ಯಾಹ್ನದವರೆಗೆ ಕಚೇರಿ, ಆಮೇಲೆ ಅಭ್ಯಾಸ ಎಂಬ ದಿನಚರಿಯಲ್ಲಿ ದೇಹವನ್ನು ಮತ್ತೆ ಹದಿನೆಂಟಕ್ಕೆ ತರಲಾಗದು, ಕೈಯ ಹದವನ್ನು ಮಾತ್ರ ಕಾಪಾಡಿಕೊಳ್ಳಬಹುದು. ಆ ಹದ ಕೂರುವುದು ಹನ್ನೆರಡರಿಂದ ಹದಿನೆಂಟರ ನಡುವೆ. ಯಾವ ಚೆಂಡಿನಲ್ಲಿ ಕೂತಿತು ಎನ್ನುವುದು ಆದ್ದರಿಂದಲೇ ಮುಖ್ಯ.

ಈಗ ಚೆಂಡಿಗೆ ಬರೋಣ. ಮೋಲ್ಟನ್ ಜಪಾನಿನ ಹಿರೋಶಿಮಾದ ಕಂಪನಿ. 1982ರಿಂದ ಫಿಬಾದ, ಎಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ, ಪಂದ್ಯಗಳಿಗೆ ಚೆಂಡು ಕೊಡುತ್ತ ಬಂದಿದೆ. ಹಳೆಯ ಚೆಂಡುಗಳ ಹೊರಮೈಯಲ್ಲಿ ಎಂಟು ಫಲಕ, ಎಂದರೆ ತುಂಡು; 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಇಟಲಿಯ ವಿನ್ಯಾಸಕಾರ ಜಾರ್ಜೆಟ್ಟೊ ಜುಜಾರೊ ರೂಪಿಸಿದ ಮೋಲ್ಟನ್ ಚೆಂಡಿನಲ್ಲಿ ಹನ್ನೆರಡು ಫಲಕ, ಕಿತ್ತಳೆ ಮತ್ತು ಕೆನೆ ಎರಡು ಬಣ್ಣ. ಬಿಜಿ ಸರಣಿ ಅದೇ ವಂಶದ್ದು. ಬಿಜಿ5000 ನಿಜವಾದ ಚರ್ಮದ್ದು, ಬಿಜಿ4500 ಕೃತಕ ಚರ್ಮದ್ದು, ಅಂಗಡಿಯ ಭಾಷೆಯಲ್ಲಿ ಕಾಂಪೊಸಿಟ್. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ವನಿತೆಯರು ಕಝಾಕಿಸ್ತಾನವನ್ನು ಮಣಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರಲ್ಲ, ಅಂಥ ಫಿಬಾ ಪಂದ್ಯಗಳಿಗೆ ಇಳಿಯುವವರು ಈ ಮನೆತನದ ಚೆಂಡಿಗೆ ಕೈ ಒಗ್ಗಿಸಿಕೊಳ್ಳಲೇಬೇಕು. ಒಂದು ಅಪವಾದ: 2020ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿದ ಮೂರು-ಮೂರು ಜನರ ಆಟದ ಚೆಂಡು ಬೇರೆ. ಅದರ ಸುತ್ತಳತೆ 6ನೇ (ಮಹಿಳೆಯರ) ಸೈಜಿನದು, ತೂಕ 7ನೇ (ಪುರುಷರ) ಸೈಜಿನದು, ಮಾಡುವವರು ವಿಲ್ಸನ್. ಆ ಆಟಕ್ಕೆ ತಯಾರಾಗುವವರು ಬಿಜಿ4500ಕ್ಕೆ ದುಡ್ಡು ಹಾಕಬಾರದು.

ಒಳಗಿನ ರಚನೆ ಗೊತ್ತಿದ್ದರೆ ಮುಂದೆ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ನಡುವೆ ಬ್ಯುಟೈಲ್ ರಬ್ಬರಿನ ಬ್ಲಾಡರ್, ಗಾಳಿ ಹಿಡಿದಿಡುವುದು ಅದು. ಅದರ ಸುತ್ತ ನೈಲಾನ್ ದಾರದ ಒತ್ತಾದ ಸುತ್ತು. ಚೆಂಡು ದುಂಡಗೆ ಉಳಿಯುವುದು ಈ ದಾರದಿಂದ. ಅದರ ಮೇಲೆ ರಬ್ಬರಿನ ಚಿಪ್ಪು. ಎಲ್ಲಕ್ಕಿಂತ ಹೊರಗೆ ಮೆತ್ತನೆಯ ಹಿಂಬದಿಯುಳ್ಳ ಕೃತಕ ಚರ್ಮದ ಫಲಕಗಳು. ಅಗ್ಗದ ರಬ್ಬರ್ ಚೆಂಡಿನಲ್ಲಿ ಈ ಕೊನೆಯ ಪದರವೇ ಇಲ್ಲ. ಚಿಪ್ಪೇ ಮೈ, ಅದರ ಮೇಲೇ ಹಿಡಿತ ಕೊಡುವ ಸಣ್ಣ ಗುಳ್ಳೆ, ಅದರಲ್ಲೇ ಗೆರೆ. ಬೆಲೆಯ ವ್ಯತ್ಯಾಸ ಬಹುಮಟ್ಟಿಗೆ ಆ ಒಂದು ಪದರದ್ದು.

ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗುವುದು ಗೆರೆಗಳು. ಹನ್ನೆರಡು ಫಲಕವಾದ್ದರಿಂದ ಚೆಂಡನ್ನು ಹೇಗೆ ಹಿಡಿದರೂ ಬೆರಳ ತುದಿಗೆ ಒಂದಲ್ಲ ಒಂದು ಗೆರೆ ಸಿಗುತ್ತದೆ. ಓಡುತ್ತ ಪಾಸ್ ಹಿಡಿದು ತಕ್ಷಣ ಶೂಟ್ ಮಾಡುವ ಗಾರ್ಡ್‌ಗಳಿಗೆ (ರಿಂಗಿನಿಂದ ದೂರದಲ್ಲಿ ಆಡುವವರಿಗೆ) ಚೆಂಡನ್ನು ತಿರುಗಿಸಿಕೊಳ್ಳುವ ಆ ಅರೆಕ್ಷಣ ಉಳಿಯುತ್ತದೆ. ಗುಳ್ಳೆಗಳ ನೆತ್ತಿ ಚಪ್ಪಟೆ. ಮೊದಮೊದಲು ರಬ್ಬರಿನ ಮೊನಚು ಗುಳ್ಳೆಗೆ ಒಗ್ಗಿದವರಿಗೆ ನುಣುಪು ಅನ್ನಿಸುತ್ತದೆ. ಆದರೆ ಬೆರಳಿಗೆ ತಾಗುವ ಜಾಗ ಹೆಚ್ಚು, ಹಿಡಿತ ಹರಡಿಕೊಂಡಿರುತ್ತದೆ. ಹೊಸ ಚೆಂಡಿನ ಮೇಲೆ ತೆಳುವಾದ ಜಾರಿಕೆ ಇರುತ್ತದೆ. ಅದು ಹೋಗಲು ಒಣ ಕೈಯಲ್ಲಿ, ಒಳಾಂಗಣದ ಮರದ ಅಥವಾ ಸಿಂಥೆಟಿಕ್ ನೆಲದ ಮೇಲೆ ಹಲವು ಗಂಟೆ ಡ್ರಿಬಲ್, ಎಂದರೆ ಕೈಯಿಂದ ನೆಲಕ್ಕೆ ಬಡಿದು ಪುಟಿಸುವುದು, ಆಗಬೇಕು. ಟೂರ್ನಿಯ ಹಿಂದಿನ ದಿನ ಡಬ್ಬಿ ಒಡೆದು ಹೊಸ ಚೆಂಡು ಹೊರತೆಗೆಯುವುದು ದೊಡ್ಡ ತಪ್ಪು. ಪಂದ್ಯಕ್ಕೆ ಪಳಗಿದ ಚೆಂಡು ಬೇಕು.

ಎರಡು ಬಣ್ಣದ ಉಪಯೋಗ ಅಂದಕ್ಕಿಂತ ಹೆಚ್ಚು. ಫ್ರೀ ಥ್ರೋ ಗೆರೆಯಲ್ಲಿ ನಿಂತು ಎಸೆದಾಗ ಚೆಂಡು ಹಿಂದಕ್ಕೆ ಸುತ್ತುತ್ತ ಹೋಗಬೇಕು. ಸುತ್ತು ನೇರವಾಗಿದ್ದರೆ ಕೆನೆ ಮತ್ತು ಕಿತ್ತಳೆ ಪಟ್ಟಿಗಳು ಗಾಳಿಯಲ್ಲಿ ಅಚ್ಚುಕಟ್ಟಾಗಿ ಒಂದರ ಹಿಂದೊಂದು ಉರುಳುವುದು ಕಾಣುತ್ತದೆ. ಪಟ್ಟಿಗಳು ಓರೆಯಾಗಿ ತೂರಾಡಿದರೆ ಕಾರಣ ಹೆಚ್ಚಾಗಿ ಎಡಗೈ: ಆಸರೆಗೆಂದು ಇಟ್ಟ ಕೈಯ ಹೆಬ್ಬೆರಳು ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಳ್ಳಿರುತ್ತದೆ. ಇಲ್ಲವೇ ಬಿಡುಗಡೆ ತೋರುಬೆರಳು, ಮಧ್ಯದ ಬೆರಳಿನಿಂದ ಆಗದೆ ಅಂಗೈ ಅಂಚಿನಿಂದ ಆಗಿರುತ್ತದೆ. ಏಕಬಣ್ಣದ ರಬ್ಬರ್ ಚೆಂಡಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕೋಚ್ ಪಕ್ಕದಲ್ಲಿಲ್ಲದೆ ಒಬ್ಬಂಟಿಯಾಗಿ ಅಭ್ಯಾಸ ಮಾಡುವ ಹುಡುಗನಿಗೆ ಚೆಂಡೇ ತಪ್ಪು ತೋರಿಸುತ್ತದೆ. ಈ ಒಂದು ಗುಣಕ್ಕಾಗಿಯೇ ಇದನ್ನು ಮೆಚ್ಚಬೇಕು. ಇದೇ ಬಣ್ಣದ ರಬ್ಬರ್ ತಮ್ಮ ಬಿಜಿ2000 ಇದೆ, ಅದರಲ್ಲೂ ಈ ಅನುಕೂಲ ಸಿಗುತ್ತದೆ. ಆ ಮಾತು ಆಮೇಲೆ.

ಪುಟಿತದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಚೆಂಡಿನ ತಳ ನೆಲದಿಂದ 1.8 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಕೈಬಿಟ್ಟರೆ, ಮರಳಿ ಮೇಲೆದ್ದಾಗ ಚೆಂಡಿನ ನೆತ್ತಿ 1.2ರಿಂದ 1.4 ಮೀಟರ್ ಒಳಗೆ ಬರಬೇಕು. ಇದು ಬಹುಕಾಲದಿಂದ ರೂಢಿಯಲ್ಲಿರುವ ಅಳತೆ. ಅಂಗಳದ ರಬ್ಬರ್ ಚೆಂಡುಗಳಿಗೆ ಕಲ್ಲಿನಂತೆ ಗಾಳಿ ತುಂಬುವುದು ನಮ್ಮ ಮಕ್ಕಳ ಅಭ್ಯಾಸ, ಹಾಗಾಗಿ ಅವು ಇದಕ್ಕಿಂತ ಮೇಲೆ ನೆಗೆಯುತ್ತವೆ. ರಿಂಗಿಗೆ ಬಡಿದರೆ ದೂರ ಚಿಮ್ಮುತ್ತವೆ. ಸರಿಯಾಗಿ ಗಾಳಿ ತುಂಬಿದ ಬಿಜಿ4500 ರಿಂಗಿನ ಮೇಲೆ ಸ್ವಲ್ಪ ಸತ್ತಂತೆ ಕೂತು ಉರುಳುತ್ತದೆ. ರಿಂಗಿನ ಒಳ ವ್ಯಾಸ 45 ಸೆಂ.ಮೀ., ಚೆಂಡಿನದು ಸುಮಾರು 24. ಆ ಉಳಿದ ಜಾಗದಲ್ಲಿ ಮೃದುವಾಗಿ ತಾಗಿದ ಚೆಂಡಿಗೆ ಒಳಗೆ ಬೀಳುವ ಅವಕಾಶ ಇರುತ್ತದೆ, ಚಿಮ್ಮುವ ಚೆಂಡಿಗೆ ಇಲ್ಲ. ರಿಬೌಂಡ್ ಮಾಡುವವರು ಇದನ್ನು ಮೈಗೂಡಿಸಿಕೊಳ್ಳಬೇಕು. ರಬ್ಬರಿಗೆ ಒಗ್ಗಿದ ಸೆಂಟರ್ ಆಟಗಾರ (ರಿಂಗಿನ ಕೆಳಗೆ ಆಡುವವನು) ರಿಂಗಿನಿಂದ ದೂರ ನಿಲ್ಲುತ್ತಾನೆ, ಈ ಚೆಂಡು ಅವನ ಮುಂದೆಯೇ ಕೆಳಗೆ ಬೀಳುತ್ತದೆ.

ಮೈ ಬದಲಾದರೆ ಕೈಗೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಜಗತ್ತಿನ ಅತಿ ದೊಡ್ಡ ಲೀಗಿನಲ್ಲೇ ಪುರಾವೆಯಿದೆ. 2006ರ ಋತುವಿನ ಆರಂಭದಲ್ಲಿ ಅಮೆರಿಕದ ಎನ್‌ಬಿಎ ಚರ್ಮದ ಚೆಂಡನ್ನು ಬಿಟ್ಟು ಹೊಸ ಮೈಕ್ರೋಫೈಬರ್ ಚೆಂಡು ತಂದಿತು. ಸ್ಟೀವ್ ನ್ಯಾಶ್, ಜೇಸನ್ ಕಿಡ್ ಅಂಥ ಪಾಸ್‌ ನಿಪುಣರೇ ಬೆರಳ ತುದಿ ಸೀಳುತ್ತಿದೆ ಎಂದು ದೂರಿದರು. ಒದ್ದೆಯಾದರೆ ಜಾರುತ್ತದೆ ಎಂಬ ದೂರೂ ಬಂತು. 2007ರ ಜನವರಿ 1ರಿಂದ ಹಳೆಯ ಚರ್ಮದ ಚೆಂಡೇ ಮರಳಿತು. ಜೀವಮಾನವಿಡೀ ಚೆಂಡು ಹಿಡಿದವರಿಗೇ ಹೀಗಾದರೆ ಹದಿನೇಳರ ಹುಡುಗನಿಗೆ ಟ್ರಯಲ್ಸ್ ದಿನ ಏನಾದೀತು!

ಈಗ ಕೆಡುವ ಬಗೆ. ಸಿಮೆಂಟ್ ಅಂಗಳ ಈ ಚೆಂಡಿನ ಮೊದಲ ಶತ್ರು. ಗಾರೆಯ ಮೇಲ್ಮೈ ಮರಳುಕಾಗದದ ಹಾಗೆ ಕೆಲಸ ಮಾಡುತ್ತದೆ. ದಿನವೂ ಅಲ್ಲಿ ಬಡಿದರೆ ಕೆಲವೇ ತಿಂಗಳಲ್ಲಿ ಗುಳ್ಳೆಗಳು ಸವೆದು ಮೈ ಹೊಳೆಯತೊಡಗುತ್ತದೆ. ಸವೆತ ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಫಲಕದ ನಡುಭಾಗ ಮೊದಲು ನುಣುಪಾಗುತ್ತದೆ, ಗೆರೆಯ ಅಕ್ಕಪಕ್ಕ ಒರಟು ಉಳಿಯುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ ನೋಡಿದರೆ ನುಣುಪು ಜಾಗಗಳು ನಾಣ್ಯದಂತೆ ಮಿಂಚುತ್ತವೆ. ಒಂದೇ ಚೆಂಡಿನಲ್ಲಿ ಎರಡು ಬಗೆಯ ಹಿಡಿತ ಎಂದರೆ ಶೂಟಿಂಗ್ ಅಭ್ಯಾಸಕ್ಕೆ ಆ ಚೆಂಡು ಮುಗಿದಂತೆ. ಮುಂಬಯಿಯ ನಾಗಪಾಡಾದಂಥ ಕಡೆ ಪೀಳಿಗೆಗಟ್ಟಲೆ ಅಂತರರಾಷ್ಟ್ರೀಯ ಆಟಗಾರರು ತಯಾರಾದದ್ದು ತೆರೆದ ಅಂಗಳದಲ್ಲೇ. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಾಸಿರ್ ಅಲ್ಲಿಯವರು. ಆ ಅಂಗಳಗಳ ಹಿರಿಮೆಗೆ ಕುಂದಿಲ್ಲ, ಆದರೆ ಈ ಚೆಂಡು ಅಲ್ಲಿಗೆ ಒಯ್ಯುವಂಥದ್ದಲ್ಲ.

ಎರಡನೆಯದು ಧೂಳು. ಕೃತಕ ಚರ್ಮದ ಗ್ರಿಪ್ ಮೈಯ ಸೂಕ್ಷ್ಮ ಒರಟಿನಿಂದ ಬರುತ್ತದೆ. ಮಾರ್ಚ್-ಏಪ್ರಿಲ್‌ನ ಧೂಳು ಅದರೊಳಗೆ ತುಂಬಿಕೊಂಡರೆ ಚೆಂಡು ಟಾಲ್ಕಂ ಪೌಡರ್ ಬಳಿದಷ್ಟು ಜಾರುತ್ತದೆ. ಇದು ಕೆಟ್ಟ ಚೆಂಡಿನ ಲಕ್ಷಣವಲ್ಲ, ಕೊಳೆ ಅಷ್ಟೇ. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಹತ್ತಿಬಟ್ಟೆಯಿಂದ ಒಂದೊಂದೇ ಫಲಕ ಒರೆಸಿ. ಬೆವರಿನ ಜಿಡ್ಡು ಇದ್ದರೆ ನೀರಿಗೆ ಒಂದು ಹನಿ ಮೃದು ಸೋಪು ಸಾಕು, ಆಮೇಲೆ ಬರಿಯ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಸ್ಯಾನಿಟೈಸರ್, ಸ್ಪಿರಿಟ್, ಗಾಜು ಒರೆಸುವ ದ್ರವ ಇವು ಯಾವುದೂ ಬೇಡ. ಮೇಲಿನ ಲೇಪ ಒಣಗಿ ಬಿರುಕು ಬಿಡುತ್ತದೆ.

ಮೂರನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯೇ ಒದ್ದೆ. ಫಲಕಗಳ ಹಿಂದಿನ ಮೆತ್ತೆ ಒಮ್ಮೆ ನೀರು ಕುಡಿದರೆ ಸುಲಭಕ್ಕೆ ಬಿಡುವುದಿಲ್ಲ. ಚೆಂಡು ಭಾರವಾಗುತ್ತದೆ, ಭಾರವೂ ಒಂದು ಕಡೆಗೆ ವಾಲುತ್ತದೆ, ಗೆರೆಯ ಅಂಚಿನಲ್ಲಿ ಅಂಟು ಸಡಿಲಗೊಂಡು ಫಲಕದ ತುದಿ ಏಳುತ್ತದೆ. ಲೋಕಲ್ ರೈಲಿನಲ್ಲಿ ಒದ್ದೆ ಜೆರ್ಸಿ, ಒದ್ದೆ ಶೂ ಜೊತೆ ಒಂದೇ ಬ್ಯಾಗಿನಲ್ಲಿ ತುರುಕಿ ಮನೆಗೆ ತಂದು ರಾತ್ರಿಯಿಡೀ ಹಾಗೇ ಬಿಟ್ಟರೆ ಬೂಷ್ಟು ಖಂಡಿತ. ಚೆಂಡಿಗೆ ಬೇರೆ ಬಟ್ಟೆಚೀಲ ಇರಲಿ. ಮನೆಗೆ ಬಂದ ಕೂಡಲೇ ಹೊರತೆಗೆದು ಫ್ಯಾನಿನ ಗಾಳಿ ತಾಗುವಲ್ಲಿ ಇಡಿ. ಬಿಸಿಲಿಗೆ ಇಟ್ಟು ಒಣಗಿಸುವುದು ಬೇಡ, ಅಂಟು ಮೆತ್ತಗಾಗುತ್ತದೆ.

ಗಾಳಿ ತುಂಬುವುದರಲ್ಲಿ ಆಗುವ ಹಾನಿ ಇವೆಲ್ಲಕ್ಕಿಂತ ಹೆಚ್ಚು, ಅದೂ ಕೇವಲ ಅವಸರದಿಂದ. ವಾಲ್ವಿನ ಪಕ್ಕದಲ್ಲೇ ಒತ್ತಡದ ಅಂಕಿ ಅಚ್ಚಾಗಿರುತ್ತದೆ. ಬಾಸ್ಕೆಟ್‌ಬಾಲ್‌ಗಳಿಗೆ ಸಾಮಾನ್ಯವಾಗಿ 7ರಿಂದ 9 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ). ಸೂಜಿಯನ್ನು ಒಣದಾಗಿ ಚುಚ್ಚಬಾರದು. ವಾಲ್ವಿನ ಒಳಗಿನ ರಬ್ಬರ್ ತುಟಿಗಳು ಸೂಜಿಗೆ ಅಂಟಿಕೊಂಡು ಒಳಕ್ಕೆ ಮಡಚಿಕೊಳ್ಳುತ್ತವೆ ಅಥವಾ ಹರಿಯುತ್ತವೆ, ಆಮೇಲೆ ಎಷ್ಟು ತುಂಬಿದರೂ ಮರುದಿನಕ್ಕೆ ಗಾಳಿ ಇಳಿದಿರುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಒಂದು ಹನಿಯನ್ನು ಸೂಜಿಯ ತುದಿಗೂ ವಾಲ್ವಿನ ಬಾಯಿಗೂ ಹಚ್ಚಿ. ಅಡುಗೆ ಎಣ್ಣೆ ಹಚ್ಚಿದರೆ ರಬ್ಬರ್ ಊದಿಕೊಳ್ಳುವ ಅಪಾಯವಿದೆ. ಚೆಂಡನ್ನು ಮೊಣಕಾಲುಗಳ ನಡುವೆ ವಾಲ್ವ್ ಮೇಲಕ್ಕೆ ಬರುವಂತೆ ಹಿಡಿದು, ಸೂಜಿಯನ್ನು ನೆಟ್ಟಗೆ, ಮೆಲ್ಲಗೆ ತಿರುಗಿಸುತ್ತ ಇಳಿಸಿ. ಪಂಪ್ ಹೊಡೆಯುವಾಗ ಸೂಜಿ ಅಡ್ಡಕ್ಕೆ ಬಾಗದಿರಲು ನಡುವೆ ಚಿಕ್ಕ ರಬ್ಬರ್ ನಳಿಗೆ ಇರುವ ಪಂಪ್ ಒಳ್ಳೆಯದು. ನೇರ ಕೈಪಂಪಿನಲ್ಲಿ ಸೂಜಿ ಮುರಿದು ಒಳಗೇ ಉಳಿದರೆ ಚೆಂಡು ಬಿಸಾಡಬೇಕಾಗುತ್ತದೆ. ಗೇಜ್ ಇಲ್ಲದಿದ್ದರೆ ಎಂಟು ಹತ್ತು ಒತ್ತಿಗೊಮ್ಮೆ ನಿಲ್ಲಿಸಿ 1.8 ಮೀಟರಿನ ಪುಟಿತ ನೋಡಿ. ಬಾಗಿಲ ಚೌಕಟ್ಟಿನ ಮೇಲೆ ಎರಡು ಪೆನ್ಸಿಲ್ ಗುರುತು ಹಾಕಿಕೊಂಡರೆ ಪ್ರತಿಸಲ ಟೇಪು ಹುಡುಕಬೇಕಿಲ್ಲ. ಪೆಟ್ರೋಲ್ ಬಂಕಿನ ಗಾಳಿ ಮಾತ್ರ ಬೇಡ. ಟೈರಿನ ಒತ್ತಡಕ್ಕೆ ಮಾಡಿದ ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಚೆಂಡಿನ ಮಿತಿ ದಾಟಿಸುತ್ತದೆ, ಒಳಗಿನ ದಾರಗಳು ಪಟಪಟನೆ ಹರಿಯುತ್ತವೆ, ಒಂದು ಕಡೆ ಉಬ್ಬು ಬರುತ್ತದೆ. ಆ ಉಬ್ಬಿಗೆ ರಿಪೇರಿ ಇಲ್ಲ. ಚೆಂಡಿನ ಮೇಲೆ ಕೂರುವುದು, ಕಾಲಲ್ಲಿ ಒದೆಯುವುದು ಇವುಗಳಿಂದಲೂ ಕಾಲಕ್ರಮದಲ್ಲಿ ಆಗುವುದು ಇದೇ.

ಬಿಸಿಯ ಲೆಕ್ಕವೂ ಇದೆ. ಹತ್ತು ಡಿಗ್ರಿ ಉಷ್ಣತೆ ಬದಲಾದರೆ ಚೆಂಡಿನ ಒತ್ತಡ ಮುಕ್ಕಾಲು ಪಿಎಸ್ಐನಷ್ಟು ಏರುಪೇರಾಗುತ್ತದೆ. ಹೊರಗೆ 34 ಡಿಗ್ರಿಯಲ್ಲಿ 8 ಪಿಎಸ್ಐ ತುಂಬಿದ ಚೆಂಡು ಎಸಿ ಹಾಕಿದ 22 ಡಿಗ್ರಿಯ ಹಾಲ್‌ಗೆ ಹೋದರೆ ಅರ್ಧ ಗಂಟೆಯಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ಚೆಂಡು ಸತ್ತಿದೆ ಅನ್ನಿಸುವುದು ಇದಕ್ಕೇ. ಆಡುವ ಹಾಲಿನೊಳಗೇ ಸ್ವಲ್ಪ ಹೊತ್ತು ಇಟ್ಟು ಆಮೇಲೆ ತುಂಬಿ. ತದ್ವಿರುದ್ಧವಾಗಿ, ತಂಪು ಹಾಲಿನಲ್ಲಿ 9ಕ್ಕೆ ತುಂಬಿದ ಚೆಂಡನ್ನು ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಮಿತಿ ಮೀರುತ್ತದೆ. ಬ್ಯುಟೈಲ್ ಬ್ಲಾಡರ್ ಆದ್ದರಿಂದ ಗಾಳಿ ತಾನಾಗಿ ಇಳಿಯುವುದು ನಿಧಾನ, ವಾರಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಎರಡೇ ದಿನಕ್ಕೆ ಮೆತ್ತಗಾದರೆ ವಾಲ್ವಿನ ಮೇಲೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರುವ ಜಾಗ ಅದೇ. ಕೆಲವೊಮ್ಮೆ ಗ್ಲಿಸರಿನ್ ಹಚ್ಚಿದ ಸೂಜಿಯನ್ನು ನಾಲ್ಕಾರು ಸಲ ಆಡಿಸಿದರೆ ವಾಲ್ವಿನ ಮಣ್ಣು ಬಿಟ್ಟು ಸರಿಹೋಗುತ್ತದೆ.

ಹಾಗಾದರೆ ಎರಡು ಚೆಂಡನ್ನು ಹಂಚಿಕೊಳ್ಳುವುದು ಹೇಗೆ? ಡ್ರಿಬಲ್, ಕ್ರಾಸ್‌ಓವರ್ (ಪುಟಿಸುತ್ತ ಕೈ ಬದಲಿಸುವುದು), ಓಟದ ಕಸರತ್ತು, ಅಂಗಳದ ಪಂದ್ಯ ಇವೆಲ್ಲ ರಬ್ಬರ್ ಚೆಂಡಿನಲ್ಲೇ ಆಗಲಿ, ಅದರ ಗಾಳಿಯನ್ನೂ ಪುಟಿತದ ಅಳತೆಗೆ ಇಳಿಸಿ. ಬಿಜಿ4500 ನೆಲಕ್ಕೆ ಕಡಿಮೆ ತಾಗುವ ಕೆಲಸಕ್ಕೆ. ಮನೆಯ ಗೋಡೆಯ ಎದುರು ನಿಂತು ಎದೆಪಾಸ್, ಮಲಗಿಕೊಂಡು ಸೂರಿನ ಕಡೆಗೆ ಒಂದೇ ಕೈಯಲ್ಲಿ ಎಸೆದು ಅದೇ ಬೆರಳಿಗೆ ಹಿಡಿಯುವುದು, ರಿಂಗಿನಿಂದ ಒಂದೂವರೆ ಮೀಟರ್ ದೂರದಲ್ಲಿ ಒಂಟಿಕೈ ಶೂಟಿಂಗ್, ಬೋರ್ಡಿನಿಂದ 4.6 ಮೀಟರಿನ ಗೆರೆಯಲ್ಲಿ ಫ್ರೀ ಥ್ರೋ. ಅಂಗಳದಲ್ಲೇ ಫ್ರೀ ಥ್ರೋ ಮಾಡುವುದಾದರೆ ರಿಂಗಿನ ಕೆಳಗೆ ಇನ್ನೊಬ್ಬರು ನಿಂತು ಚೆಂಡು ನೆಲ ಮುಟ್ಟುವ ಮೊದಲೇ ಹಿಡಿಯಲಿ, ಇಬ್ಬರೂ ಸರದಿಯಂತೆ ಹತ್ತು ಹತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ಐವತ್ತರಿಂದ ನೂರು ಎಸೆತ ಈ ಚೆಂಡಿನಲ್ಲಾದರೆ ಕೈ ಮರೆಯುವುದಿಲ್ಲ. ಟ್ರಯಲ್ಸ್ ಅಥವಾ ಟೂರ್ನಿ ಮೂರು ವಾರ ದೂರವಿದ್ದಾಗ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಳಾಂಗಣವನ್ನು ನಾಲ್ಕೈದು ಜನ ಸೇರಿ ಹಿಡಿದು, ಪೂರ್ಣ ಆಟವನ್ನು ಇದರಲ್ಲೇ ಆಡಿ. ಮೊದಲು ಟೂರ್ನಿಯ ಸುತ್ತೋಲೆಯಲ್ಲಿ ಯಾವ ಚೆಂಡು ಎಂದು ಬರೆದಿದೆ ನೋಡಿ. ನಿವಿಯಾ, ಕಾಸ್ಕೊ, ಸ್ಪಾಲ್ಡಿಂಗ್ ಹೀಗೆ ಬೇರೆ ಕಂಪನಿಯ ಕಾಂಪೊಸಿಟ್ ಚೆಂಡು ಎಂದಿದ್ದರೆ ಆ ಮೂರು ವಾರ ಅದೇ ಕೈಯಲ್ಲಿರಬೇಕು, ಬಿಜಿ4500 ಅಲ್ಲ.

ವಯಸ್ಸಿಗೆ ತಕ್ಕಂತೆ ಸಲಹೆ ಬದಲಾಗುತ್ತದೆ. ಹನ್ನೊಂದರ ಒಳಗಿನ ಮಕ್ಕಳಿಗೆ 5ನೇ ಸೈಜಿನ ರಬ್ಬರ್ ಸಾಕು. ಅಣ್ಣನ 7ನೇ ಸೈಜಿನ ಚೆಂಡನ್ನು ಎತ್ತಿ ಹಾಕಲು ಮಗು ಸೊಂಟದಿಂದ ಎಸೆಯಲು ಕಲಿಯುತ್ತದೆ, ಆ ಅಭ್ಯಾಸ ಬಿಡಿಸಲು ವರ್ಷಗಟ್ಟಲೆ ಬೇಕು. ಹನ್ನೆರಡು ದಾಟಿದ ಹುಡುಗಿಯರು 6ಕ್ಕೆ ಬರುತ್ತಾರೆ, ಮುಂದೆ ಅವರಿಗೆ ಕೊನೆಯವರೆಗೂ ಅದೇ. ಹುಡುಗರು ಕೆಲಕಾಲ 6ರಲ್ಲಿದ್ದು ಕೈ ಬೆಳೆದ ಮೇಲೆ 7ಕ್ಕೆ. ಬಿಜಿ4500 ಈ ಎರಡೂ ಸೈಜಿನಲ್ಲಿ ಸಿಗುತ್ತದೆ. ಕೊಳ್ಳಲು ತಕ್ಕ ಕಾಲ ಹದಿನೈದರ ಆಸುಪಾಸು, ಮಗು ಜಿಲ್ಲಾ ಮಟ್ಟದ ಆಯ್ಕೆಗೆ ಹೋಗುವ ಹೊತ್ತು. ನೌಕರಿ ಸಿಕ್ಕಿದ ಮೇಲೆ ತಂಡದ ಚೆಂಡುಗಳಿರುತ್ತವೆ, ಸ್ವಂತದ್ದು ಬೇಕಿಲ್ಲ. ಆದರೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗುಳಿದ ಆಟಗಾರರಿಗೆ ಮನೆಯಲ್ಲೊಂದು ಇದ್ದರೆ ಬಹಳ ಆಸರೆ. ಕುರ್ಚಿಯಲ್ಲಿ ಕೂತೇ ಮಣಿಕಟ್ಟಿನ ಕೆಲಸ, ಎಡಗೈ ಪಾಸ್, ಬೆರಳಿನ ಬಲ ಇವನ್ನು ಮುಂದುವರಿಸಬಹುದು. ಅಂಗಳಕ್ಕೆ ಮರಳುವ ದಿನ ಕಾಲು ಹಿಂದೆ ಬಿದ್ದಿದ್ದರೂ ಕೈ ಹಿಂದೆ ಬಿದ್ದಿರುವುದಿಲ್ಲ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಮಾಡಿ ಕೋಚ್ ಆಗುವವರಿಗೂ ಎರಡು ಬಣ್ಣದ ಚೆಂಡು ಒಳ್ಳೆಯ ಉಪಕರಣ, ಮಕ್ಕಳಿಗೆ ಸುತ್ತು ತೋರಿಸಿ ವಿವರಿಸಲು ಸುಲಭ.

ಒಂದೇ ಚೆಂಡಿಗೆ ಮಾತ್ರ ದುಡ್ಡಿದ್ದರೆ ಬಿಜಿ4500 ಬೇಡ, ಬಿಜಿ3800 ನೋಡಿ. ಕೃತಕ ಚರ್ಮವೇ, ಆದರೆ ಒಳಗೂ ಹೊರಗೂ ಆಡಲೆಂದು ಮಾಡಿದ್ದು. ಕೈಗೆ ಸಿಗುವ ಮೃದುತ್ವ ತುಸು ಕಡಿಮೆ, ಸಿಮೆಂಟಿಗೆ ತಾಳಿಕೆ ಹೆಚ್ಚು. ಪೂರ್ತಿ ಹೊರಾಂಗಣವೇ ಆದರೆ ಬಿಜಿ2000, ರಬ್ಬರಿನದು. ಸುತ್ತು ಕಣ್ಣಿಗೆ ಕಾಣುವ ಲಾಭ ಸಿಗುತ್ತದೆ, ಮೈಯ ಹದ ಸಿಗುವುದಿಲ್ಲ. ಬಿಜಿ2000 ಜೊತೆಗೆ ಬಿಜಿ4500 ಎಂಬ ಜೋಡಿ ನಮ್ಮ ಪ್ರಕಾರ ಮುಂಬಯಿಯ ಹುಡುಗನಿಗೆ ಎಲ್ಲಕ್ಕಿಂತ ಹೊಂದುವಂಥದ್ದು. ಚರ್ಮದ ಬಿಜಿ5000 ಮನೆಯ ಅಭ್ಯಾಸಕ್ಕೆ ಖಂಡಿತ ಬೇಡ. ಚರ್ಮ ಬೆವರನ್ನೂ ತೇವವನ್ನೂ ಹೀರುತ್ತದೆ, ಈ ಊರಿನ ಹವೆಯಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ.

ಧೋಬಿ ತಲಾವ್ ಕಡೆಯ ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಕೊಳ್ಳುವುದಾದರೆ ಒಂದು ದರ್ಜಿಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. 7ನೇ ಸೈಜಿನ ಸುತ್ತಳತೆ ಗಾಳಿ ತುಂಬಿದ ಮೇಲೆ 75ರಿಂದ 77 ಸೆಂ.ಮೀ., 6ನೆಯದು 71.5ರಿಂದ 73 ಸೆಂ.ಮೀ. ಒಳಗೆ ಇರಬೇಕು. ವಾಲ್ವಿನ ಮೇಲೆ ಹಾಯುವಂತೆ ಒಂದು ಸಲ, ಅದಕ್ಕೆ ಅಡ್ಡಲಾಗಿ ಒಂದು ಸಲ ಅಳೆಯಿರಿ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಚೆಂಡು ದುಂಡಗಿಲ್ಲ. ತೂಕ 7ಕ್ಕೆ 580ರಿಂದ 620 ಗ್ರಾಂ, 6ಕ್ಕೆ 510ರಿಂದ 550. ಅಂಗಡಿಯಲ್ಲಿ ತಕ್ಕಡಿ ಇಲ್ಲದಿದ್ದರೆ ಮನೆಯ ಅಡುಗೆ ತಕ್ಕಡಿಯಲ್ಲಿ ಅದೇ ದಿನ ತೂಗಿ. ಎರಡೂ ಕೈಯಲ್ಲಿ ಹಿಂದಕ್ಕೆ ಸುತ್ತುವಂತೆ ತಿರುವು ಕೊಟ್ಟು ಮುಖದ ಎತ್ತರಕ್ಕೆ ಎಸೆದು ನೋಡಿ: ಕಪ್ಪು ಗೆರೆಗಳು ನಡುಗಿದರೆ ತೂಕ ಸಮವಾಗಿ ಹಂಚಿಕೊಂಡಿಲ್ಲ. ಫಿಬಾ ಮುದ್ರೆ ಮತ್ತು ಬಿ7ಜಿ4500 ಅಥವಾ ಬಿ6ಜಿ4500 ಎಂಬ ಸಂಖ್ಯೆ ಚೆಂಡಿನ ಮೇಲೂ ಡಬ್ಬಿಯ ಮೇಲೂ ಒಂದೇ ಆಗಿರಬೇಕು. ನಕಲಿ ಚೆಂಡಿನಲ್ಲಿ ಅಚ್ಚಿನ ಅಂಚು ಮಸುಕಾಗಿರುತ್ತದೆ, ಫಲಕದ ಅಂಚಿನಲ್ಲಿ ಅಂಟು ಉಕ್ಕಿರುತ್ತದೆ, ಗುಳ್ಳೆಗಳು ಗೆರೆಯ ಹತ್ತಿರ ಕರಗಿದಂತಿರುತ್ತವೆ. ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಬಿಜಿ4500 ಸಿಕ್ಕಿತೆಂದರೆ ಅದು ಬಿಜಿ4500 ಅಲ್ಲ. ಬಿಲ್ ಕೇಳಿ ಪಡೆಯಿರಿ, ಅದರ ಮೇಲೆ ಮಾದರಿಯ ಸಂಖ್ಯೆ ಬರೆಸಿ. ಚೆಂಡಿಗೆ ಗಾಳಿ ತುಂಬಿಸಿ ಒಂದು ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ಪುಟಿತ ಇಳಿದಿದ್ದರೆ ಆಡುವ ಮೊದಲೇ, ಮೈ ಕೊಳೆಯಾಗುವ ಮೊದಲೇ ಅಂಗಡಿಗೆ ಒಯ್ಯಿರಿ. ಒಮ್ಮೆ ಅಂಗಳದ ಧೂಳು ಮೆತ್ತಿದ ಚೆಂಡನ್ನು ಬದಲಿಸಿಕೊಡಲು ಅಂಗಡಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ.